ಸೂರಿನಡಿಯ ತಾವರೆ ಎಲೆ

ಮಕ್ಕಳೇ, ಕುರುಚಲು ಕಾಡಿನ ನಡುವೆ ಒಂದು ಕೆರೆ. ಅದರ ದಂಡೆಯ ಮೇಲೆ ಅಡ್ಡಬಿದ್ದ ಹುಣಸೆಮರದ ಪೊಳ್ಳಿನಲ್ಲಿ ಪಟ್ಟೆರಾಯ ಎಂಬ ಅಳಿಲು ವಾಸವಾಗಿದ್ದ. ಪೊಳ್ಳಿನ ಮೇಲೆ ತೊಗಟೆ ಹೊದಿಸಿ, ಸಂದಿಗಳಿಗೆ ಜೇಡಿಮಣ್ಣು ಮೆತ್ತಿ ಅವನಜ್ಜ ಸೂರು ಮಾಡಿದ್ದ.

ಆ ಕೆರೆಯವರಿಗೆ ಒಂದು ಪದ್ಧತಿಯಿತ್ತು. ಮುಂಗಾರಿಗೆ ಮೊದಲು ಪ್ರತಿ ಮನೆಯ ಸೂರಿನ ಮೇಲೂ ನೀರು ಸುರಿದು ನೋಡುವುದು. ಸುರಿಯುವವಳು ಹೆಜ್ಜಾರ್ಲೆ ಹಕ್ಕಿ ಗಂಗಕ್ಕ. ಅವಳ ಕೊಕ್ಕಿನ ಚೀಲದಲ್ಲಿ ಕೊಡದಷ್ಟು ನೀರು ಹಿಡಿಯುತ್ತಿತ್ತು. ಒಳಗೆ ಕೂತು ಕತ್ತೆತ್ತಿ ನೋಡುವವನು ಆಮೆ ತಾತ. ಹನಿ ಬಿದ್ದರೆ ಆ ಮನೆಯವರು ಅಂದೇ ಸೂರು ಹತ್ತಿ, ಬಿರುಕು ಹುಡುಕಿ ಮುಚ್ಚಬೇಕು.

ಪಟ್ಟೆರಾಯನಿಗೆ ಮರ ಹತ್ತುವುದೆಂದರೆ ಆಟ, ಮಣ್ಣು ಕಲಸುವುದೆಂದರೆ ಬೇಸರ. ಬಾಲಕ್ಕೆ ಕೆಸರು ಮೆತ್ತಿಕೊಳ್ಳುತ್ತದಲ್ಲ! ಹೋದ ವರ್ಷ ಪರೀಕ್ಷೆ ಮುಗಿದ ಮೇಲೆ, ಮಳೆಗಾಲದ ನಡುವೆ ಒಂದು ಮೂಲೆಯಲ್ಲಿ ಹನಿ ಬಿದ್ದಾಗ ಹಾಸಿಗೆಯನ್ನು ಆಚೆ ಎಳೆದುಕೊಂಡು ಮಲಗಿದ್ದ. ಈ ಸಲ ಹಾಗೆ ಮಾಡುವಂತಿರಲಿಲ್ಲ. ಬೇಸಿಗೆಯಿಡೀ ಹೊತ್ತು ತಂದ ಕಡಲೆಕಾಯಿ ಮನೆತುಂಬ ಇತ್ತು. ಅದು ನೆನೆದರೆ ಮಳೆಗಾಲವೆಲ್ಲ ಉಪವಾಸ.

ಅವನು ಯೋಚಿಸಿ, ದೊಡ್ಡದೊಂದು ತಾವರೆ ಎಲೆ ತಂದು ನಾರಿನಿಂದ ಸೂರಿನಡಿಗೆ ಬಿಗಿದ. ಹನಿ ಎಲೆಯ ಮೇಲೆ ಬಿದ್ದರೆ ತಾತನ ಮೇಲೆ ಬೀಳುವುದಿಲ್ಲ. ತಾತನ ಮೇಲೆ ಬೀಳದಿದ್ದರೆ ಮನೆ ಸೋರುವುದಿಲ್ಲ. ಲೆಕ್ಕ ಸರಿಯಾಗಿಯೇ ಇದೆ ಅನ್ನಿಸಿತು ಅವನಿಗೆ.

ಪರೀಕ್ಷೆಯ ದಿನ ಆಮೆ ತಾತ ಒಳಗೆ ಬಂದು ಮೇಲೆ ನೋಡಿದ.

"ಇದೇನಪ್ಪಾ, ಹಸಿರಾಗಿ?"

"ಒಳಚಾವಣಿ, ತಾತ. ಮನೆಗೊಂದು ಲಕ್ಷಣ ಬರಲಿ ಅಂತ."

"ಸ್ವಲ್ಪ ಸರಿಸು. ನನಗೆ ಸೂರು ಕಾಣಬೇಕು."

"ಸರಿಸಬಹುದಿತ್ತು. ಆದರೆ ಗಂಗಕ್ಕ ಬಾಯಿತುಂಬ ನೀರಿಟ್ಟುಕೊಂಡು ಕಾಯುತ್ತಿದ್ದಾಳೆ. ಎಷ್ಟು ಹೊತ್ತು ಅಂತ ಕಾದಾಳು, ಪಾಪ."

ಗಂಗಕ್ಕ ಮೇಲಿನಿಂದ ಏನೋ ಹೇಳಲು ನೋಡಿದಳು. ಗುಳುಗುಳು ಎಂದಷ್ಟೇ ಕೇಳಿಸಿತು. ಆಮೇಲೆ ನೀರು ಸುರಿಯಿತು. ತಾತನ ಚಿಪ್ಪಿನ ಮೇಲೆ ಒಂದು ಹನಿಯೂ ಬೀಳಲಿಲ್ಲ.

"ನಾನು ನೋಡಿದ್ದು ಎಲೆಯನ್ನು, ಸೂರನ್ನಲ್ಲ," ಎಂದು ಗೊಣಗುತ್ತ ತಾತ ಪಕ್ಕದ ಮನೆಗೆ ಹೊರಟ. ಅವನು ಹೊಸಿಲು ದಾಟಿದ್ದೇ ತಡ, ಪಟ್ಟೆರಾಯ ಒಂದು ಲಾಗ ಹಾಕಿದ. ಕಡಲೆಕಾಯಿಯನ್ನೆಲ್ಲ ಎಲೆಯ ಕೆಳಗೇ ರಾಶಿ ಹಾಕಿದ. ಮೇಲೆ ಸೂರು, ಸೂರಿನಡಿ ಎಲೆ. ಇದಕ್ಕಿಂತ ಒಣಗಿದ ಜಾಗ ಎಲ್ಲಿ ಸಿಕ್ಕೀತು?

ಮುಂಗಾರು ಒಂದು ಮಧ್ಯಾಹ್ನ ಬಂತು, ಬಿಡದೆ ಸುರಿಯಿತು. ಪಟ್ಟೆರಾಯ ಅಂಗಾತ ಮಲಗಿ ಮೇಲೆ ನೋಡುತ್ತಿದ್ದ. ಹನಿಯಿಲ್ಲ, ಸದ್ದಿಲ್ಲ. ಎಲೆ ಮಾತ್ರ ಊಟ ಮಾಡಿದವರ ಹೊಟ್ಟೆಯಂತೆ ಕೆಳಗಿಳಿಯುತ್ತಿತ್ತು. ಅವನಿಗೆ ನಗು ಬಂತು. ಬಾಲದಿಂದ ಮೆಲ್ಲಗೆ ತಿವಿದ. ಎಲೆಯೊಳಗೆ ನೀರು ಬಳಕ್ ಎಂದು ಆ ಕಡೆಗೆ ಹೋಯಿತು, ಬಳಕ್ ಎಂದು ಈ ಕಡೆಗೆ ಬಂತು. ಮಜವಾಗಿತ್ತು. ಇನ್ನೊಮ್ಮೆ ತಿವಿದ.

ನಾರು ಜಾರಿತು. ಇದ್ದಬದ್ದ ನೀರೆಲ್ಲ ಒಟ್ಟಿಗೇ ಕೆಳಗೆ ಬಂದು, ಕಡಲೆಕಾಯಿಯನ್ನೂ ಅದರೊಡೆಯನನ್ನೂ ಬಾಗಿಲಾಚೆ ದೂಡಿತು. ದಂಡೆಯಲ್ಲಿ ಮೀನು ಹುಡುಕುತ್ತಿದ್ದ ಗಂಗಕ್ಕನ ಕಾಲಬುಡಕ್ಕೆ ಹೋಗಿ ಬಿದ್ದ ಪಟ್ಟೆರಾಯ.

"ಇಷ್ಟು ಅವಸರದಲ್ಲಿ ಎಲ್ಲಿಗೆ ಹೊರಟೆ, ಮಾರಾಯ?" ಎಂದಳು ಅವಳು.

ಮಳೆ ಬಿಡುವು ಕೊಟ್ಟಾಗ ಆಮೆ ತಾತ ಅವನನ್ನು ಸೂರು ಹತ್ತಿಸಿದ. ಹನಿ ಬೀಳುವ ಜಾಗದ ನೇರಕ್ಕೆ ಹುಡುಕಬೇಡ, ನೀರು ಎತ್ತರದಲ್ಲಿ ನುಗ್ಗಿ ತೊಗಟೆಯ ಅಡಿಯಲ್ಲೇ ಹರಿದು ಬೇರೆಲ್ಲೋ ಬೀಳುತ್ತದೆ ಎಂದು ಕೆಳಗಿನಿಂದಲೇ ಹೇಳಿಕೊಟ್ಟ. ತುದಿಯ ಹತ್ತಿರ ಹುಲ್ಲೆಸಳಿನಷ್ಟು ಬಿರುಕು ಸಿಕ್ಕಿತು. ಒಂದು ಹಿಡಿ ಮಣ್ಣಿಗೆ ಮುಚ್ಚಿಹೋಯಿತು. ಎಲೆ ಕಟ್ಟಲು ಪಟ್ಟ ಪಾಡಿನ ಅರ್ಧವೂ ಆಗಲಿಲ್ಲ.

"ಇಷ್ಟೇನಾ?" ಎಂದ ಪಟ್ಟೆರಾಯ.

"ಇಷ್ಟೇ," ಎಂದ ತಾತ. "ಹೋದ ವರ್ಷ ಇನ್ನೂ ಕಡಿಮೆ ಇತ್ತು."

ಕಡಲೆಕಾಯಿ ಅಷ್ಟಿಷ್ಟು ಕೆರೆಪಾಲಾಯಿತು, ಉಳಿದದ್ದು ಬೂಸಲು ಹಿಡಿಯಿತು. ಆ ಮಳೆಗಾಲವೆಲ್ಲ ಪಟ್ಟೆರಾಯ ಊಟದ ಹೊತ್ತಿಗೆ ನೆರೆಮನೆಗಳ ಬಾಗಿಲಲ್ಲಿ ನಿಂತ. ಗಂಗಕ್ಕನದು ಧಾರಾಳದ ಕೈ. ಹೋದಾಗಲೆಲ್ಲ ಕೂರಿಸಿ, ಬೇಡವೆಂದರೂ ಬಿಡದೆ, ಮೀನನ್ನೇ ಬಡಿಸಿದಳು.

ನೀತಿ: ಬಿರುಕನ್ನು ಮರೆಮಾಡಿದರೆ ಸೋರುವುದು ನಿಲ್ಲುವುದಿಲ್ಲ, ವರ್ಷವರ್ಷವೂ ಮಳೆಗೆ ಮೊದಲೇ ಸೂರು ನೋಡಿ, ಸಣ್ಣದಿರುವಾಗಲೇ ಮುಚ್ಚಬೇಕು.