ಹನ್ನೆರಡನೆಯ ಪದಕ

ಜಾದೂಗಾರ ಮೈಲಾರಪ್ಪನವರ ಜರಿ ಕೋಟಿಗೆ ತನ್ನ ಎದೆಯ ಮೇಲಿದ್ದ ಹನ್ನೊಂದು ಪದಕಗಳ ಬಗ್ಗೆ ಎಲ್ಲಿಲ್ಲದ ಜಂಬ. ಅದರ ಒಳಗಿನ ಗುಟ್ಟಿನ ಜೇಬಿನಲ್ಲಿ ಒಂದು ಬಿಳಿ ಪಾರಿವಾಳ ಅಡಗಿ ಕೂರುತ್ತಿತ್ತು.

ಒಂದು ದಿನ ಶಾಲೆಯ ಪ್ರದರ್ಶನಕ್ಕೆ ಹೊರಟ ಮೈಲಾರಪ್ಪನವರು ಹನ್ನೆರಡನೆಯ ಪದಕವನ್ನೂ ಕೋಟಿಗೆ ಚುಚ್ಚಿಕೊಂಡರು.

"ಕೋಟಣ್ಣ, ಇದರ ಪಿನ್ನು ನನ್ನ ಜೇಬಿನ ಬಾಯನ್ನೇ ಮುಚ್ಚಿಬಿಟ್ಟಿದೆ. ದಯವಿಟ್ಟು ಇದೊಂದನ್ನು ಉದುರಿಸಿಬಿಡು," ಎಂದಿತು ಪಾರಿವಾಳ.

"ಉದುರಿಸುವುದೇ? ಜನ ಬರುವುದೇ ನನ್ನ ಪದಕ ನೋಡಲಿಕ್ಕೆ. ನೀನು ತೆಪ್ಪಗೆ ಕೂತಿರು ತಂಗಿ," ಎಂದಿತು ಕೋಟು.

ವೇದಿಕೆಯ ಮೇಲೆ ಮೈಲಾರಪ್ಪನವರು ಮಂತ್ರ ಹೇಳಿ ಕೈ ಬೀಸಿದರು. ಪಾರಿವಾಳ ಬರಲಿಲ್ಲ. ಮತ್ತೊಮ್ಮೆ ಬೀಸಿದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಪದಕಗಳನ್ನೆಲ್ಲ ಎಣಿಸಿ ಮುಗಿಸಿ, ಬಾಯಿ ತುಂಬ ಆಕಳಿಸಿದಳು. ಅಷ್ಟರಲ್ಲಿ ಯಜಮಾನರ ಬೆವರು ಕೋಟಿನ ಬೆನ್ನನ್ನು ತೋಯಿಸಿತು. ಇದ್ದ ಬಲವನ್ನೆಲ್ಲ ಕೂಡಿಸಿ ಕೋಟು ಒಮ್ಮೆ ಮೈ ಕೊಡವಿತು.

ಹನ್ನೆರಡನೆಯ ಪದಕ ಠಣ್ಣೆಂದು ಬಿತ್ತು. ಪಾರಿವಾಳ ಪಟಪಟನೆ ಹಾರಿ, ಸಭೆಗೆಲ್ಲ ಒಂದು ಸುತ್ತು ಹಾಕಿ, ಹೆಡ್‌ಮಾಸ್ಟರರ ಬೋಳುತಲೆಯ ಮೇಲೆ ಹೋಗಿ ಕೂತಿತು. ಮಕ್ಕಳ ಕೇಕೆಗೆ ಹೆಂಚೇ ಹಾರಿಹೋಗುವಂತಿತ್ತು.

"ಪಾರಿವಾಳದ ಮಾಮಾ, ಮತ್ತೆ ಬನ್ನಿ!" ಎಂದು ಅವರು ಗೇಟಿನವರೆಗೂ ಓಡಿಬಂದರು. ಕೋಟಿನ ಮಾತನ್ನು ಯಾರೂ ಎತ್ತಲಿಲ್ಲ. ಆದರೂ ಅದಕ್ಕೆ ನಗು ತಡೆಯಲಾಗಲಿಲ್ಲ.

"ತಂಗೀ, ಇನ್ನೂ ಹನ್ನೊಂದಿವೆಯಲ್ಲ, ಯಾವುದಾದರೂ ಚುಚ್ಚುತ್ತಿದ್ದರೆ ಈಗಲೇ ಹೇಳಿಬಿಡು," ಎಂದಿತು.