ಫೋಟೊಗೆ ಮೀಸಲಾದ ಗಣಿತದ ಪೆಟ್ಟಿಗೆ

ಒಂದು ಊರಿನ ಶಾಲೆಯಲ್ಲಿ ಗುರುಪಾದಪ್ಪ ಎಂಬ ಗಣಿತದ ಮಾಸ್ತರರಿದ್ದರು. ಕೆಟ್ಟವರೇನಲ್ಲ. ಆದರೆ ಶಾಲೆಯ ಸಾಮಾನು ಸದಾ ಹೊಸದಾಗಿಯೇ ಇರಬೇಕೆಂಬ ಹಟ ಅವರದು.

ಅದೇ ಶಾಲೆಯಲ್ಲಿ ಕಲಿಸಿ ನಿವೃತ್ತರಾಗಿದ್ದ ಇಂದುಮತಿ ಅಕ್ಕೋರು ಒಮ್ಮೆ ಮಕ್ಕಳಿಗೆಂದು ದೊಡ್ಡ ಪೆಟ್ಟಿಗೆಯೊಂದನ್ನು ಕಳಿಸಿಕೊಟ್ಟರು. ಅದರಲ್ಲಿ ಗಣಿತದ ಒಗಟಿನ ಪುಸ್ತಕಗಳಿದ್ದವು, ಜೋಡಿಸಿದರೆ ಚೌಕವಾಗುವ ಮರದ ಚೂರುಗಳಿದ್ದವು. ಮೂರು ಗೂಟಗಳ ಒಂದು ಹಲಗೆಯೂ ಇತ್ತು. ಒಂದು ಗೂಟದಲ್ಲಿರುವ ಮರದ ಬಳೆಗಳನ್ನು ಒಂದೊಂದಾಗಿ ಇನ್ನೊಂದು ಗೂಟಕ್ಕೆ ಸಾಗಿಸಬೇಕು, ಚಿಕ್ಕ ಬಳೆಯ ಮೇಲೆ ದೊಡ್ಡದು ಕೂರಬಾರದು.

ಏಳನೆಯ ತರಗತಿಯ ದಿಲ್‌ಶಾದ್ ಆ ಹಲಗೆ ಕಂಡದ್ದೇ ತಡ, ಮಾಸ್ತರರ ಬೆನ್ನು ಬಿದ್ದಳು. ಪ್ರಶ್ನೆ ಕೇಳಿ ಕೇಳಿ ತಲೆ ತಿನ್ನುವ ಹುಡುಗಿ ಅವಳು.

"ಸರ್, ಇನ್ನೊಂದು ಬಳೆ ಹಾಕಿದ್ರ ಎಷ್ಟು ಸಲ ಎತ್ತಿಡಬೇಕಾಗ್ತದ್ರಿ? ಒಮ್ಮೆ ಆಡಿ ನೋಡ್ಲೇನ್ರಿ?"

"ಮುಟ್ಟಬ್ಯಾಡ. ತಪಾಸಣೆ ಸಾಹೇಬ್ರು ಬರೂತನಕ ಹೊಸದಿರಲಿ" ಎಂದು ಮಾಸ್ತರರು ಎಲ್ಲವನ್ನೂ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು.

ಸಾಹೇಬರು ಬಂದರು. ಮಾಸ್ತರರು ಕಪಾಟು ತೆರೆದು, ಮಕ್ಕಳ ಕೈಗೆ ಒಂದೊಂದು ಸಾಮಾನು ಕೊಟ್ಟು, ಗೋಡೆಯ ಮುಂದೆ ಸಾಲಾಗಿ ನಿಲ್ಲಿಸಿ ನಗಿಸಿದರು. ಫೋಟೊ ಆಯಿತು. ಎಲ್ಲವನ್ನೂ ಒರೆಸಿ ಮತ್ತೆ ಒಳಗಿಟ್ಟು ಕೀಲಿ ಹಾಕಿದರು. ಆಮೇಲೆ ಯಾವ ಸಾಹೇಬರು ಬಂದರೂ ಇದೇ ಪದ್ಧತಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಸುಳ್ಳಲ್ಲ. ಮೊದಮೊದಲು ದಿನವೂ ಕೇಳುತ್ತಿದ್ದ ದಿಲ್‌ಶಾದ್ ಬರಬರುತ್ತ ಕೇಳುವುದನ್ನೇ ಬಿಟ್ಟಳು. ಹುಡುಗಿಗೆ ಬುದ್ಧಿ ಬಂತೆಂದು ಮಾಸ್ತರರಿಗೆ ಸಂತೋಷವಾಯಿತು!

ಮರುವರ್ಷ ಇಂದುಮತಿ ಅಕ್ಕೋರು ಹೇಳದೆ ಕೇಳದೆ ಶಾಲೆಗೆ ಬಂದರು. ಕಪಾಟು ತೆಗೆಸಿ, ಗೂಟದ ಹಲಗೆಯನ್ನು ದಿಲ್‌ಶಾದಳ ಕೈಗೇ ಕೊಟ್ಟರು.

"ಹೆಂಗ ಆಡ್ತೀ ತೋರಿಸವಾ."

ದಿಲ್‌ಶಾದ್ ಹೋಗಿ ಗೋಡೆಯ ಮುಂದೆ ನೆಟ್ಟಗೆ ನಿಂತಳು. ಹಲಗೆಯನ್ನು ಎದೆಗೆ ಹಿಡಿದು ನಕ್ಕಳು.

"ಅಲ್ಲವಾ, ಆಡು" ಎಂದರು ಅಕ್ಕೋರು.

"ಇದು ಆಡೂದಲ್ರಿ ಅಕ್ಕೋರ. ಹಿಡ್ಕೊಂಡು ನಿಲ್ಲೂದು."

"ಬಳೆ ಸರಿಸಿದ್ರ ಏನಾಗ್ತದ ನೋಡಬೇಕು ಅಂತ ಅನಸೂದಿಲ್ಲೇನು ನಿನಗ?"

"ಮೊದ್ಲ ಅನಸ್ತಿತ್ರಿ" ಎಂದಳು ಹುಡುಗಿ.

ಅಕ್ಕೋರು ಹುಡುಗಿಯ ತಲೆ ಸವರಿದರು. ಅಷ್ಟರಲ್ಲಿ ಮಾಸ್ತರರು ಹಲಗೆ ಇಸಿದುಕೊಂಡು, ಹೆಮ್ಮೆಯಿಂದ ತಿರುಗಿಸಿ ತೋರಿಸಿದರು.

"ನೋಡ್ರಿ ಅಕ್ಕೋರ, ಒಂದು ಗೀರು ಬಿದ್ದಿಲ್ಲ!"

ನೀತಿ: ಕಲಿಕೆಯ ಸಾಮಾನು ಮಕ್ಕಳ ಕೈಯಲ್ಲಿ ಸವೆಯಬೇಕು. ಮುರಿದ ಸಾಮಾನನ್ನು ಮತ್ತೆ ತರಬಹುದು, ಕಾದು ಕಾದು ಸತ್ತ ಕುತೂಹಲವನ್ನು ಯಾವ ಅಂಗಡಿಯಿಂದಲೂ ತರಲಾಗದು.