ಬಸವಂತನ ಚಾಪೆ

ಮೌನೇಶಯ್ಯನವರ ಆಶ್ರಮ ಇದ್ದದ್ದು ಹೊಳೆಯ ದಂಡೆಯಲ್ಲಿ. ಅಲ್ಲಿ ಬೆಳಕು ಹರಿಯುವ ಮುಂಚೆಯೇ ಪಾಠ.

ಒಬ್ಬೊಬ್ಬ ಶಿಷ್ಯನಿಗೂ ಒಂದೊಂದು ಚಾಪೆ. ಮಲಗುವ ಮುಂಚೆ ಅದನ್ನು ಪಡಸಾಲೆಯಲ್ಲಿ ಸಾಲಾಗಿ ಹಾಸಿಡಬೇಕು. ಪಾಠದ ಹೊತ್ತಿಗೆ ಯಾರದಾದರೂ ಚಾಪೆ ಮೂರು ಸಲ ಖಾಲಿ ಬಿತ್ತೋ, ಅದನ್ನು ಸುತ್ತಿ ಅವನ ಕೈಗೆ ಕೊಡುತ್ತಿದ್ದರು. ಮತ್ತೆ ಮಾತಿಲ್ಲ, ಊರಿಗೆ ಹೊರಡಬೇಕು.

ಬಸವಂತನ ಚಾಪೆ ಆಗಲೇ ಎರಡು ಸಲ ಖಾಲಿ ಬಿದ್ದಿತ್ತು.

ಸೋಮಾರಿಯೇ ಅವನು? ಅಲ್ಲವೇ ಅಲ್ಲ. ಸೌದೆ ಒಡೆಯುವುದಕ್ಕೂ ನೀರು ಹೊರುವುದಕ್ಕೂ ಅವನೇ ಮುಂದು. ಆದರೆ ರಾತ್ರಿ ಮಲಗಿದರೆ ನಿದ್ದೆ ಹತ್ತಿರ ಸುಳಿಯದು. ಗಸಗಸೆ ಪಾಯಸ ಕುಡಿದ, ನೆತ್ತಿಗೆ ಹರಳೆಣ್ಣೆ ತಟ್ಟಿಸಿಕೊಂಡ, ಏನೂ ಆಗಲಿಲ್ಲ. ಸರಿಯಾಗಿ ಕೋಳಿ ಕೂಗುವ ಹೊತ್ತಿಗೆ ಕಣ್ಣು ಎಳೆಯುತ್ತಿತ್ತು. ಹೇಗೋ ಎದ್ದು ಬಂದು ಕೂತ ದಿನವೂ ಪಾಠದ ಒಂದಕ್ಷರ ತಲೆಗೆ ಹೋಗುತ್ತಿರಲಿಲ್ಲ.

ಹಿರಿಯ ಶಿಷ್ಯ ಕಾಳಪ್ಪ ಅವನನ್ನು ಕುಂಭಕರ್ಣ ಎಂದೇ ಕರೆಯುತ್ತಿದ್ದ. ಸಿಟ್ಟು ಮಾಡಿಕೊಳ್ಳಲೂ ಬಸವಂತನಿಗೆ ತ್ರಾಣ ಉಳಿದಿರಲಿಲ್ಲ.

ಮೂರನೆಯ ಸಲ ತಪ್ಪಬಾರದೆಂದು ಅವನೊಂದು ಉಪಾಯ ಹೂಡಿದ. ಊಟ ಮುಗಿದದ್ದೇ ಪಡಸಾಲೆಗೆ ಹೋಗಿ ತನ್ನ ಚಾಪೆಯ ಮೇಲೆ ಕೂತುಬಿಟ್ಟ. ಇಡೀ ರಾತ್ರಿ ಕೂತೇ ಇದ್ದ. ಕೋಳಿ ಕೂಗಿತು. ಇನ್ನೇನು ಗುರುಗಳು ಬರಬೇಕು, ಪಾಪ, ಕೂತಲ್ಲೇ ಉರುಳಿಕೊಂಡ.

ಎಚ್ಚರವಾದಾಗ ಬಿಸಿಲು ಪಡಸಾಲೆಯ ಒಳಗೆ ಬಂದಿತ್ತು. ಉಳಿದ ಚಾಪೆಗಳೆಲ್ಲ ಮೂಲೆ ಸೇರಿದ್ದವು. ಅವನ ಮೈಮೇಲೆ ಗುರುಗಳ ಶಾಲು. ಗುರುಗಳು ಎದುರಿಗೇ ಕೂತಿದ್ದರು.

ಬಾಗಿಲಲ್ಲಿ ನಿಂತ ಕಾಳಪ್ಪ ಗೊಣಗುತ್ತಿದ್ದ. ಚಾಪೆಯ ಮೇಲೆ ನಿದ್ದೆ ಹೊಡೆದರೆ ಅದೂ ಖಾಲಿ ಬಿದ್ದಂತೆಯೇ ಎಂದು ಅವನ ವಾದ. ಅದೂ ಸಾಲದೆಂಬಂತೆ, ಇವನಿಗೆ ಎಲ್ಲಿ ಎಚ್ಚರವಾದೀತೋ ಎಂದು ಗುರುಗಳು ಪಿಸುದನಿಯಲ್ಲಿ ಪಾಠ ಹೇಳಿದ್ದರಂತೆ. ಹಿಂದಿನ ಸಾಲಿಗೆ ಕೇಳಿಸಲೇ ಇಲ್ಲವಂತೆ.

ಬಸವಂತನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ತನ್ನ ಚಾಪೆಯನ್ನು ತಾನೇ ಸುತ್ತಿ ಗುರುಗಳ ಮುಂದಿಟ್ಟ.

"ಸಾಕಾಗಿಹೋಯಿತು ಗುರುಗಳೇ. ನನ್ನ ಕೈಲಾಗುವುದಿಲ್ಲ. ಅಪ್ಪಣೆ ಕೊಡಿ, ಹೊರಡುತ್ತೇನೆ."

ಗುರುಗಳು ಸುತ್ತಿದ ಚಾಪೆಯನ್ನು ಬಿಚ್ಚಿ ಮೊದಲಿದ್ದ ಜಾಗದಲ್ಲೇ ಹಾಸಿದರು. ಆಮೇಲೆ ಓಲೆಗರಿಯ ಕಟ್ಟು ತೆಗೆದು ಬೆಳಗಿನ ಪಾಠದ ಮೊದಲ ಗರಿ ಹುಡುಕತೊಡಗಿದರು.

ಕಾಳಪ್ಪನಿಗೆ ತಡೆಯಲಾಗಲಿಲ್ಲ. "ಇವನೊಬ್ಬನಿಗಾಗಿ ಮತ್ತೆ ಪಾಠವೇ?"

"ನೀನು ಪಕ್ಕದ ಕೋಣೆಯಿಂದ ಎದ್ದು ಬಂದವನು ಕಾಳಪ್ಪ. ಇವನು ಇಡೀ ರಾತ್ರಿ ನಡೆದು ಈಗ ಬಂದು ಮುಟ್ಟಿದ್ದಾನೆ. ಹೋಗು, ಕಾಲಿಗೆ ನೀರು ಕೊಡು."